ಗಂಟು ಹಬ್ಬುವ ಬಗೆ: ಸ್ತನ ಕ್ಯಾನ್ಸರ್ ಮತ್ತು ಮೈಕ್ರೋಆರ್‌ಎನ್‌ಎ

ಸ್ತನದಲ್ಲಿ ಹುಟ್ಟಿದ ಗಂಟು ಸ್ತನದಲ್ಲೇ ಉಳಿದರೆ ಅದರಿಂದ ಪ್ರಾಣ ಹೋಗುವುದು ಅಪರೂಪ. ಆ ಗಂಟಿನ ಕೋಶಗಳು ಕಂಕುಳಿನ ದುಗ್ಧಗ್ರಂಥಿಗಳನ್ನು ಹೊಕ್ಕು, ರಕ್ತಕ್ಕಿಳಿದು, ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳುಗಳಲ್ಲಿ ನೆಲೆಯೂರಿದಾಗ ರೋಗ ಕೈಮೀರುತ್ತದೆ. ಗಂಟು ಬೆಳೆಯುವುದು ಒಂದು ಕ್ರಿಯೆ, ಹಬ್ಬುವುದು ಇನ್ನೊಂದು ಕ್ರಿಯೆ. ಬಟಾಣಿ ಕಾಳಿನಷ್ಟು ಗಂಟಿದ್ದವರಲ್ಲಿ ರೋಗ ಮೂಳೆ ಸೇರಿರುವುದುಂಟು, ನಿಂಬೆಹಣ್ಣಿನಷ್ಟು ಬೆಳೆದ ಗಂಟು ಇದ್ದಲ್ಲೇ ಇರುವುದೂ ಉಂಟು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಹುಡುಕಿದವರಿಗೆ ಕಳೆದ ಎರಡು ದಶಕಗಳಲ್ಲಿ ಸಿಕ್ಕ ಉತ್ತರಗಳಲ್ಲಿ ಬಹುಮುಖ್ಯವಾದದ್ದು ಮೈಕ್ರೋಆರ್‌ಎನ್‌ಎ.

ಈ ಲೇಖನ ಆ ಸಂಶೋಧನೆಯ ಸಮೀಕ್ಷೆ. ಸಮೀಕ್ಷೆಯನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯಿಂದ ನೋಡಿ ಮಾಡುತ್ತಿದ್ದೇನೆ. ತೊಗರಿ, ಫರಸಿ ಕಲ್ಲು, ಸಿಮೆಂಟಿನ ಈ ಸೀಮೆಯಲ್ಲಿ ನೋವಿಲ್ಲದ ಗಂಟಿಗೆ ದವಾಖಾನಿಗೆ ಹೋಗುವ ರೂಢಿ ಇಲ್ಲ. 'ನೋವಿಲ್ಲಲ್ಲ, ಏನಾಗ್ತದ ಬಿಡ್ರಿ' ಎನ್ನುತ್ತ ಹೆಣ್ಣುಮಕ್ಕಳು ತೊಗರಿ ರಾಶಿ ಮುಗಿಯಲಿ, ಮಗಳ ಮದುವೆ ಆಗಲಿ, ಜಾತ್ರೆ ಕಳೆಯಲಿ ಎಂದು ದಿನ ದೂಡುತ್ತಾರೆ. ಮೊದಮೊದಲು ಸ್ತನದ ಗಂಟು ಬಹುಪಾಲು ನೋಯುವುದೇ ಇಲ್ಲ. ನೋವು, ಹುಣ್ಣು, ತೋಳಿನ ಬಾವು ಕಾಣಿಸಿಕೊಳ್ಳುವ ಹೊತ್ತಿಗೆ ಹಬ್ಬುವ ಕ್ರಿಯೆ ಎಷ್ಟೋ ಮುಂದೆ ಸಾಗಿರುತ್ತದೆ. ಇದು ಈ ಭಾಗದ್ದೊಂದೇ ಕಥೆಯಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿ ಪ್ರಕಾರ ದೇಶದಲ್ಲಿ ಸ್ತನ ಕ್ಯಾನ್ಸರಿಗೆ ಆಸ್ಪತ್ರೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೋಗ ಸುತ್ತಲಿನ ಭಾಗಕ್ಕೆ ಹಬ್ಬಿದ ಮೇಲೆ ಬಂದವರು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಹೊಸ ರೋಗಿಗಳಿಗೂ ಸಾವುಗಳಿಗೂ ಇರುವ ಈ ಅನುಪಾತ ಮುಂದುವರಿದ ದೇಶಗಳಿಗಿಂತ ತೀರಾ ಕೆಟ್ಟದ್ದು. ತಡವಾಗಿ ಬರುವುದು ಅದರ ದೊಡ್ಡ ಕಾರಣಗಳಲ್ಲೊಂದು.

ಹಾಗಾಗಿ ರೋಗ ಹೇಗೆ ಹಬ್ಬುತ್ತದೆ ಎಂಬ ಪ್ರಶ್ನೆ ಪ್ರಯೋಗಾಲಯದವರಿಗೆ ಮಾತ್ರ ಸೇರಿದ್ದೆಂದು ನನಗೆ ಅನ್ನಿಸುವುದಿಲ್ಲ.

ಮೊದಲು ಮೈಕ್ರೋಆರ್‌ಎನ್‌ಎ ಎಂದರೇನು ಎಂಬುದನ್ನು ನೋಡೋಣ. ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಹಾಲುಗ್ರಂಥಿಯ ಕೋಶ ಹಾಲುಗ್ರಂಥಿಯದಾಗಿ, ಮೂಳೆಯ ಕೋಶ ಮೂಳೆಯದಾಗಿ ಉಳಿಯುವುದು ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಮೇಲೆ. ಜೀನಿನ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲಾಗುತ್ತದೆ, ಆ ನಕಲನ್ನು ಓದಿ ಕೋಶ ಪ್ರೋಟೀನ್ ತಯಾರಿಸುತ್ತದೆ. ಮೈಕ್ರೋಆರ್‌ಎನ್‌ಎ ತಾನು ಯಾವ ಪ್ರೋಟೀನನ್ನೂ ಕೊಡದ, ಸುಮಾರು 22 ಅಕ್ಷರಗಳಷ್ಟೇ ಉದ್ದದ ಚಿಕ್ಕ ಎಳೆ. ಉದ್ದ ಎಳೆಯಾಗಿ ಹುಟ್ಟುವ ಅದನ್ನು ಕೋಶಕೇಂದ್ರದೊಳಗೆ ಡ್ರೋಶಾ ಎಂಬ ಕಿಣ್ವವೂ ಹೊರಗೆ ಡೈಸರ್ ಎಂಬ ಕಿಣ್ವವೂ ಕತ್ತರಿಸುತ್ತವೆ. ಕೊನೆಗೆ ಅದು ಆರ್ಗೋನಾಟ್ ಎಂಬ ಪ್ರೋಟೀನಿನೊಳಗೆ ಕೂತು, ತನ್ನ ಮೊದಲ ಏಳೆಂಟು ಅಕ್ಷರಗಳಿಗೆ ಜೋಡಿಯಾಗುವ ಸಂದೇಶಗಳನ್ನು ಹುಡುಕುತ್ತದೆ. ಸಿಕ್ಕ ಸಂದೇಶ ಬೇಗ ಕರಗುತ್ತದೆ, ಇಲ್ಲವೇ ಅದರಿಂದ ಪ್ರೋಟೀನ್ ತಯಾರಾಗುವುದು ತಗ್ಗುತ್ತದೆ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ತೂಬನ್ನು ಒಂದು ಗೇಣು ಇಳಿಸಿದರೆ ಕಾಲುವೆ ಪೂರ್ತಿ ಒಣಗುವುದಿಲ್ಲ, ಆದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಮೈಕ್ರೋಆರ್‌ಎನ್‌ಎ ಮಾಡುವುದು ಆ ಒಂದು ಗೇಣಿನ ಕೆಲಸ. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ಸಂದೇಶಗಳನ್ನು ತಗ್ಗಿಸಬಲ್ಲದು, ಒಂದೇ ಜೀನಿನ ಮೇಲೆ ಹಲವು ಮೈಕ್ರೋಆರ್‌ಎನ್‌ಎಗಳು ಕೆಲಸ ಮಾಡಬಲ್ಲವು. ಈ ಶಾಸ್ತ್ರದ ಆಕರ್ಷಣೆಯೂ ಇದೇ, ತಲೆನೋವೂ ಇದೇ.

ಇದರ ಮೂಲ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ತಂಡಗಳು ಆ ಹುಳುವಿನ ಬೆಳವಣಿಗೆಯಲ್ಲಿ ಯಾವ ಹೊತ್ತಿಗೆ ಏನಾಗಬೇಕೆಂಬುದನ್ನು ಲಿನ್-4 ಎಂಬ ಚಿಕ್ಕ ಆರ್‌ಎನ್‌ಎ ನಿಯಂತ್ರಿಸುತ್ತದೆ ಎಂದು ತೋರಿಸಿದವು. ಹುಳುವಿನ ವಿಶೇಷವಿರಬೇಕೆಂದು ಬಹಳ ಮಂದಿ ಅದನ್ನು ಬದಿಗಿಟ್ಟರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಸಿಕ್ಕಿತು, ಅದು ಮನುಷ್ಯನವರೆಗೆ ನಾನಾ ಪ್ರಾಣಿಗಳಲ್ಲಿದೆ ಎಂದು ತಿಳಿದ ಮೇಲೆ ಕ್ಷೇತ್ರ ಬೆಳೆಯಿತು. 2002ರಲ್ಲಿ ಕಾರ್ಲೊ ಕ್ರೋಚೆ ತಂಡ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳು ಕಳೆದುಹೋಗಿರುವುದನ್ನು ಕಂಡಿತು. ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ.

ಸ್ತನ ಕ್ಯಾನ್ಸರಿನ ಮೊದಲ ದೊಡ್ಡ ಪಟ್ಟಿ 2005ರಲ್ಲಿ ಅದೇ ಕ್ರೋಚೆ ಗುಂಪಿನಿಂದ ಬಂತು. ಮರಿಲೇನಾ ಇಯೋರಿಯೊ ಮತ್ತು ಸಂಗಡಿಗರು ಎಪ್ಪತ್ತಕ್ಕೂ ಹೆಚ್ಚು ಗಂಟುಗಳನ್ನು ಆರೋಗ್ಯವಂತ ಸ್ತನದ ಅಂಗಾಂಶದೊಡನೆ ಹೋಲಿಸಿದರು. ಮೈಕ್ರೋಆರ್‌ಎನ್‌ಎಗಳ ಚುಟುಕು ಹೆಸರು 'ಮಿರ್'; ಆ ಗಂಟುಗಳಲ್ಲಿ ಮಿರ್-21 ಮತ್ತು ಮಿರ್-155 ಹೆಚ್ಚಿದ್ದವು, ಮಿರ್-125ಬಿ ಮತ್ತು ಮಿರ್-145 ತಗ್ಗಿದ್ದವು. ಮುಂದಿನ ಇಪ್ಪತ್ತು ವರ್ಷಗಳ ಓದಿಗೆ ಬುನಾದಿ ಅಲ್ಲಿ ಬಿತ್ತು.

ಬೆಳವಣಿಗೆಯ ಮಟ್ಟಿಗೆ ಚಿತ್ರ ಹೆಚ್ಚು ಸ್ಪಷ್ಟ. ಮಿರ್-21ರ ಜೀನ್ ಇರುವುದು 17ನೇ ವರ್ಣತಂತುವಿನ ಒಂದು ಭಾಗದಲ್ಲಿ, ಸ್ತನ ಕ್ಯಾನ್ಸರ್‌ಗಳಲ್ಲಿ ಆ ಭಾಗದ ಪ್ರತಿಗಳು ಹೆಚ್ಚಾಗುವುದು ಆಗಾಗ ಕಾಣುತ್ತದೆ. ಹೆಚ್ಚಾದ ಮಿರ್-21, ಪಿಟೆನ್ ಮತ್ತು ಪಿಡಿಸಿಡಿ4 ಎಂಬ ಕಾವಲು ಜೀನ್‌ಗಳನ್ನು ತಗ್ಗಿಸುತ್ತದೆ. ಕೋಶ ವಿಭಜನೆಗೆ ಕಡಿವಾಣ ಹಾಕುವುದು, ಕೆಟ್ಟ ಕೋಶ ತಾನಾಗಿ ಸಾಯುವಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಇನ್ನೊಂದು ಕಡೆ ಲೆಟ್-7, ಆರೋಗ್ಯವಂತ ಕೋಶದಲ್ಲಿ ರಾಸ್ ಎಂಬ ಬೆಳವಣಿಗೆಯ ಜೀನನ್ನು ಅಂಕೆಯಲ್ಲಿಡುತ್ತದೆ. ಗಂಟಿನೊಳಗೆ ಹೊಸ ಗಂಟನ್ನು ಹುಟ್ಟಿಸುವ ಶಕ್ತಿಯಿರುವ ಕೆಲವೇ ಕೋಶಗಳಲ್ಲಿ ಲೆಟ್-7 ಬಹಳ ಕಡಿಮೆ ಎಂದು 2007ರಲ್ಲಿ ಚೀನಾದ ಅರ್ವೇ ಸಾಂಗ್ ಅವರ ತಂಡ ತೋರಿಸಿತು. ಕೀಮೋ ಕೊಟ್ಟು ಗಂಟು ಕರಗಿದ ಮೇಲೂ ರೋಗ ಮರಳುವುದು ಏಕೆ ಎಂಬುದಕ್ಕೆ ಇದು ಒಂದು ವಿವರಣೆ.

ಹಬ್ಬುವಿಕೆಯ ಕಥೆ ಇದಕ್ಕಿಂತ ಆಳವಾದದ್ದು, ನನಗೆ ಹೆಚ್ಚು ಮುಖ್ಯವೆನಿಸುವುದೂ ಅದೇ. 2007ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿ ಲೀ ಮಾ ಎಂಬ ಸಂಶೋಧಕಿ ಮಿರ್-10ಬಿ ಬಗ್ಗೆ ಪ್ರಕಟಿಸಿದ ಪ್ರಬಂಧ ಒಂದು ತಿರುವು. ಹಬ್ಬದೆ ಇದ್ದಲ್ಲೇ ಬೆಳೆಯುವ ಸ್ತನ ಕ್ಯಾನ್ಸರ್ ಕೋಶಗಳಿಗೆ ಈ ಒಂದೇ ಮೈಕ್ರೋಆರ್‌ಎನ್‌ಎಯನ್ನು ಹೆಚ್ಚಿಸಿ ಇಲಿಗಳಿಗೆ ಸೇರಿಸಿದಾಗ ಅವು ಸುತ್ತಲಿನ ಅಂಗಾಂಶಕ್ಕೆ ನುಗ್ಗಿ ಶ್ವಾಸಕೋಶ ಮುಟ್ಟಿದವು. ಟ್ವಿಸ್ಟ್ ಎಂಬ ಜೀನ್ ಮಿರ್-10ಬಿಯನ್ನು ಏರಿಸುತ್ತದೆ, ಅದು ಹಾಕ್ಸ್‌ಡಿ10 ಎಂಬ ಜೀನನ್ನು ತಗ್ಗಿಸುತ್ತದೆ, ಅದರ ಹಿಡಿತ ತಪ್ಪಿದ್ದರಿಂದ ಕೋಶದ ಚಲನೆಗೆ ಬೇಕಾದ ರೋಸಿ ಎಂಬ ಜೀನ್ ಎದ್ದೇಳುತ್ತದೆ. ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಗೆ ಹೀಗೆ ಸಾಗುವ ಸರಪಳಿಯನ್ನು ಅವರು ಹಂತಹಂತವಾಗಿ ಬಿಡಿಸಿಟ್ಟರು. 2010ರಲ್ಲಿ ಅದೇ ಲೀ ಮಾ, ಮಿರ್-10ಬಿಯನ್ನು ಕಟ್ಟಿಹಾಕುವ ರಾಸಾಯನಿಕ ಎಳೆಯನ್ನು ಇಲಿಗಳಿಗೆ ಚುಚ್ಚಿದರು. ಸ್ತನದ ಗಂಟು ಸಣ್ಣದಾಗಲಿಲ್ಲ, ಆದರೆ ಶ್ವಾಸಕೋಶಕ್ಕೆ ಹಬ್ಬುವುದು ಬಹಳಷ್ಟು ತಗ್ಗಿತು. ಬೆಳೆಯುವುದು ಬೇರೆ, ಹಬ್ಬುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಓದಿಲ್ಲ.

ಆದರೂ ಮಿರ್-10ಬಿ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. 2008ರಲ್ಲೇ ಆಕ್ಸ್‌ಫರ್ಡಿನ ಸಂಶೋಧಕರು ಇನ್ನೂರಕ್ಕೂ ಹೆಚ್ಚು ರೋಗಿಗಳ ಗಂಟುಗಳನ್ನು ಅಳೆದು, ಗಂಟಿನಲ್ಲಿರುವ ಮಿರ್-10ಬಿ ಪ್ರಮಾಣಕ್ಕೂ ಮುಂದೆ ರೋಗ ಹಬ್ಬುವುದಕ್ಕೂ ತಮಗೆ ನಂಟು ಕಾಣಲಿಲ್ಲ ಎಂದು ಬರೆದರು. ಇಲಿಯಲ್ಲಿ ಒಂದು ಜೀನನ್ನು ಏರಿಸಿ ನೋಡುವುದಕ್ಕೂ ಮನುಷ್ಯರ ಗಂಟಿನಲ್ಲಿ ಸಹಜವಾಗಿ ಇರುವುದನ್ನು ಅಳೆಯುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಈ ವಿವಾದ ತೋರಿಸುತ್ತದೆ. ಗಂಟಿನ ಕೋಟ್ಯಂತರ ಕೋಶಗಳ ನಡುವೆ ಹಬ್ಬಲು ಹೊರಟ ನಾಲ್ಕಾರು ಕೋಶಗಳ ಮಿರ್-10ಬಿ ಸರಾಸರಿಯಲ್ಲಿ ಮುಳುಗಿಹೋಗಬಹುದು. ಎರಡೂ ಕಡೆಯ ಫಲಿತಾಂಶ ನಿಜವಿರಬಹುದು ಎಂದೇ ನನ್ನ ಎಣಿಕೆ.

ಹಬ್ಬುವುದನ್ನು ತಡೆಯುವ ಮೈಕ್ರೋಆರ್‌ಎನ್‌ಎಗಳೂ ಇವೆ. ನ್ಯೂಯಾರ್ಕಿನಲ್ಲಿ ಜೋನ್ ಮಸಾಗೆ ಅವರ ಗುಂಪಿನ ಸೊಹೈಲ್ ತವಾಜೊಯಿ 2008ರಲ್ಲಿ ಮಿರ್-335 ಮತ್ತು ಮಿರ್-126 ಕಳೆದುಕೊಂಡ ಕೋಶಗಳು ಮೂಳೆಗೂ ಶ್ವಾಸಕೋಶಕ್ಕೂ ಹಬ್ಬುವುದನ್ನು ಕಂಡರು, ಅವನ್ನು ಮರಳಿ ಕೊಟ್ಟಾಗ ಹಬ್ಬುವುದು ತಗ್ಗಿತು. 2009ರಲ್ಲಿ ವೈನ್‌ಬರ್ಗ್ ಗುಂಪು ಮಿರ್-31 ಬಗ್ಗೆ ಇಂಥದೇ ವರದಿ ಕೊಟ್ಟಿತು.

ಇವೆಲ್ಲಕ್ಕಿಂತ ಹೆಚ್ಚು ಓದಿಸಿಕೊಂಡ ಕುಟುಂಬ ಮಿರ್-200. ಇದು ಐದರ ಬಳಗ, ಕೆಲವು 1ನೇ ವರ್ಣತಂತುವಿನಲ್ಲಿ, ಉಳಿದವು 12ನೆಯದರಲ್ಲಿ. ಸ್ತನದ ಹಾಲುನಾಳದ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ ಕೂತಿರುತ್ತವೆ, ಇ-ಕ್ಯಾಡರಿನ್ ಎಂಬ ಪ್ರೋಟೀನ್ ಅವನ್ನು ಹಿಡಿದಿರುತ್ತದೆ. ಹಬ್ಬಬೇಕಾದರೆ ಕೋಶ ಆ ಹಿಡಿತ ಬಿಡಿಸಿಕೊಂಡು ಉದ್ದುದ್ದವಾಗಿ ಹರಿದಾಡುವ ರೂಪ ತಾಳಬೇಕು. ಆ ರೂಪಕ್ಕೆ ತಳ್ಳುವುದು ಜೆಬ್1, ಜೆಬ್2 ಎಂಬ ಜೀನ್‌ಗಳು. ಮಿರ್-200 ಬಳಗ ಜೆಬ್‌ಗಳನ್ನು ತಗ್ಗಿಸುತ್ತದೆ, ಜೆಬ್‌ಗಳು ಮಿರ್-200 ಹುಟ್ಟುವುದನ್ನೇ ತಡೆಯುತ್ತವೆ. ಒಂದು ಗೆದ್ದರೆ ಇನ್ನೊಂದು ಸೋಲಬೇಕು. 2008ರಲ್ಲಿ ಆಸ್ಟ್ರೇಲಿಯಾ, ಅಮೆರಿಕ, ಜರ್ಮನಿಯ ಗುಂಪುಗಳು ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದವು.

ಇಲ್ಲಿ ಕರ್ನಾಟಕದ ಹೆಸರು ಬರುತ್ತದೆ. 2013ರಲ್ಲಿ ಮೋಹಿತ್ ಕುಮಾರ್ ಜಾಲಿ, ಹರ್ಬರ್ಟ್ ಲೆವೀನ್ ಮತ್ತು ಸಂಗಡಿಗರು ಮಿರ್-200 ಮತ್ತು ಜೆಬ್ ನಡುವಿನ ಈ ಎಳೆದಾಟವನ್ನು ಗಣಿತದ ಸಮೀಕರಣಗಳಲ್ಲಿ ಬರೆದು ನೋಡಿದರು. ಅಂಟಿಕೊಂಡ ಸ್ಥಿತಿ, ಹರಿದಾಡುವ ಸ್ಥಿತಿ ಎಂದು ಎರಡೇ ಅಲ್ಲ, ನಡುವೆ ಮೂರನೆಯದೊಂದಿದೆ ಎಂದು ಆ ಲೆಕ್ಕ ಹೇಳಿತು. ಆ ನಡುಸ್ಥಿತಿಯ ಕೋಶಗಳು ಒಂದಿಷ್ಟು ಅಂಟಿಕೊಂಡೂ ಇರುತ್ತವೆ, ಒಂದಿಷ್ಟು ಚಲಿಸುತ್ತಲೂ ಇರುತ್ತವೆ, ಹಾಗಾಗಿ ಗುಂಪಾಗಿ ಸಾಗಬಲ್ಲವು. ಗುಂಪಾಗಿ ರಕ್ತದಲ್ಲಿ ಸಾಗುವ ಕೋಶಗಳು ಒಂಟಿ ಕೋಶಗಳಿಗಿಂತ ಹೆಚ್ಚು ಸಲ ದೂರದ ಅಂಗದಲ್ಲಿ ನೆಲೆಯೂರುತ್ತವೆ ಎಂದು ಬೇರೆ ಪ್ರಯೋಗಗಳೂ ಹೇಳಿವೆ. ಜಾಲಿ ಅವರು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಮುಂದುವರಿಸಿದ್ದಾರೆ.

ಮಿರ್-200ಕ್ಕೆ ಎರಡು ಮುಖವಿದೆ ಎಂಬುದು ಆಮೇಲೆ ತಿಳಿಯಿತು. ಸ್ತನ ಬಿಟ್ಟು ಹೊರಡದಂತೆ ತಡೆಯುವ ಇದೇ ಬಳಗ, ಹೇಗೋ ಹೊರಟು ಶ್ವಾಸಕೋಶ ಮುಟ್ಟಿದ ಕೋಶಗಳು ಅಲ್ಲಿ ಮತ್ತೆ ಅಂಟಿಕೊಂಡು ಹೊಸ ಗಂಟು ಕಟ್ಟಲು ನೆರವಾಗುತ್ತದೆ ಎಂದು 2011ರಲ್ಲಿ ಪ್ರಿನ್ಸ್‌ಟನ್ನಿನ ಯಿಬಿನ್ ಕಾಂಗ್ ಅವರ ಗುಂಪು ವರದಿ ಮಾಡಿತು. ಆರಂಭದ ಹಂತದಲ್ಲಿ ಮಿರ್-200 ಏರಿಸುವುದು ಒಳ್ಳೆಯದಾದರೆ, ಹಬ್ಬಿದ ಮೇಲೆ ಏರಿಸುವುದು ಕೆಟ್ಟದ್ದಾದೀತು. ಒಂದು ಮೈಕ್ರೋಆರ್‌ಎನ್‌ಎಗೆ ಒಳ್ಳೆಯದು, ಕೆಟ್ಟದ್ದು ಎಂದು ಹಣೆಪಟ್ಟಿ ಹಚ್ಚುವ ಬರಹಗಳನ್ನು ಓದಿದಾಗಲೆಲ್ಲ ನನಗೆ ಈ ಪ್ರಬಂಧ ನೆನಪಾಗುತ್ತದೆ.

ಕ್ಯಾನ್ಸರ್ ಕೋಶಗಳು ಮೈಕ್ರೋಆರ್‌ಎನ್‌ಎಗಳನ್ನು ಹೊರಗೂ ಕಳಿಸುತ್ತವೆ. ಎಕ್ಸೋಸೋಮ್ ಎಂಬ ಕಣ್ಣಿಗೆ ಕಾಣದ ಜಿಡ್ಡಿನ ಚೀಲಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತವೆ. 2014ರ ಒಂದು ಅಧ್ಯಯನದಲ್ಲಿ, ಹೀಗೆ ಬಿಟ್ಟ ಮಿರ್-105 ರಕ್ತನಾಳದ ಗೋಡೆಯ ಬೆಸುಗೆಯನ್ನು ಸಡಿಲಿಸಿ ಕೋಶಗಳು ಒಳಹೊಕ್ಕು ಹೊರಬೀಳಲು ಎಡೆಮಾಡಿತು. ಅದೇ ಗುಂಪು ಮರುವರ್ಷ, ಮಿರ್-122 ಶ್ವಾಸಕೋಶ ಮತ್ತು ಮೆದುಳಿನ ಆರೋಗ್ಯವಂತ ಕೋಶಗಳು ಸಕ್ಕರೆ ಬಳಸುವುದನ್ನು ತಗ್ಗಿಸಿ, ಬರಲಿರುವ ಕ್ಯಾನ್ಸರ್ ಕೋಶಗಳಿಗೆ ಆ ಸಕ್ಕರೆಯನ್ನು ಉಳಿಸುತ್ತದೆ ಎಂದು ತೋರಿಸಿತು. ರೋಗ ಹೋಗಿ ಸೇರುವ ಮೊದಲೇ ಅಂಗ ಅದಕ್ಕೆ ಅಣಿಯಾಗಿರುತ್ತದೆ. ಗಂಟು ಕಂಡ ಮೇಲೆ ಕಳೆಯುವ ತಿಂಗಳುಗಳು ಖಾಲಿ ತಿಂಗಳುಗಳಲ್ಲ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಬೇಕಾದದ್ದು ಇದಕ್ಕೇ.

ಔಷಧಕ್ಕೆ ರೋಗ ಬಗ್ಗದಿರುವುದರಲ್ಲೂ ಇವುಗಳ ಪಾತ್ರವಿದೆ. ಈಸ್ಟ್ರೋಜನ್ ಗ್ರಾಹಕವಿರುವ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ದಶಕಗಳಿಂದ ಆಸರೆ. ಅಗ್ಗದ ಮಾತ್ರೆ, ಐದು ವರ್ಷ, ಕೆಲವರಿಗೆ ಹತ್ತು ವರ್ಷ ದಿನಾ ನುಂಗಬೇಕು. ಮಿರ್-221, ಮಿರ್-222 ಹೆಚ್ಚಾದ ಕೋಶಗಳಲ್ಲಿ ಮಾತ್ರೆ ನಾಟುವುದಿಲ್ಲ ಎಂದು 2008ರಲ್ಲಿ ಎರಡು ಗುಂಪುಗಳು ವರದಿ ಮಾಡಿದವು, ಆ ಗ್ರಾಹಕವೇ ತಗ್ಗುವುದು ಅವುಗಳಲ್ಲಿ ಒಂದು ಗುಂಪು ಕೊಟ್ಟ ಕಾರಣ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಜ್ಯೋತಿ ಪ್ರಭು ಮತ್ತು ಸಂಗಡಿಗರು ಈಸ್ಟ್ರೋಜನ್ ಗ್ರಾಹಕವಿರುವ ಗಂಟುಗಳಲ್ಲೇ ಮಿರ್-18ಎ ಹೆಚ್ಚಿದ್ದವನ್ನು ಪ್ರತ್ಯೇಕಿಸಿ ನೋಡಿದರು. ಅವುಗಳಲ್ಲಿ ವಿಂಟ್ ಎಂಬ ಸಂಕೇತ ಮಾರ್ಗ ಚುರುಕಾಗಿತ್ತು, ಆ ಮಹಿಳೆಯರಲ್ಲಿ ರೋಗದ ಗತಿಯೂ ಕೆಟ್ಟದಾಗಿತ್ತು. ಒಳ್ಳೆಯ ಬಗೆಯ ಕ್ಯಾನ್ಸರ್ ಎಂದು ವೈದ್ಯರು ಧೈರ್ಯ ಹೇಳಿದವರಲ್ಲೂ ಕೆಲವರಿಗೆ ರೋಗ ಮರಳುವುದಕ್ಕೆ ಇದು ಒಂದು ಸುಳಿವು. ನಮ್ಮದೇ ರಾಜ್ಯದಲ್ಲಿ ಚಿಕಿತ್ಸೆ ಪಡೆದ ಮಹಿಳೆಯರ ಗಂಟುಗಳಿಂದ ಬಂದ ಸುಳಿವು ಎಂಬ ಕಾರಣಕ್ಕೆ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಭಾರತದ ಮಹಿಳೆಯರಿಗೆ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಸ್ತನ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ (ಇಆರ್), ಪ್ರೊಜೆಸ್ಟರಾನ್ (ಪಿಆರ್), ಹರ್-2 ಈ ಮೂರೂ ಗ್ರಾಹಕಗಳಿಲ್ಲದ ಉಗ್ರ ಬಗೆ ಅಲ್ಲಿ ನೂರಕ್ಕೆ ಹತ್ತು ಹದಿನೈದಾದರೆ, ಇಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಕೆಲವು ಸಮೀಕ್ಷೆಗಳಲ್ಲಿ ಮೂವರಲ್ಲಿ ಒಬ್ಬರಿಗೆ ಕಂಡಿದೆ. ಮಿರ್-200 ತಗ್ಗಿರುವುದು, ಜೆಬ್ ಎದ್ದಿರುವುದು ಹೆಚ್ಚಾಗಿ ಕಾಣುವುದು ಈ ಬಗೆಯಲ್ಲೇ.

ಈಗ ಎರಡು ಪ್ರಾಯೋಗಿಕ ಪ್ರಶ್ನೆ. ಮೈಕ್ರೋಆರ್‌ಎನ್‌ಎ ಅಳೆದು ರೋಗ ಬೇಗ ಪತ್ತೆ ಮಾಡಬಹುದೇ? ಮೈಕ್ರೋಆರ್‌ಎನ್‌ಎಯೇ ಔಷಧವಾಗಬಹುದೇ?

ಮೊದಲನೆಯದಕ್ಕೆ ಆಸೆ ಹುಟ್ಟಿಸಿದ್ದು 2008. ಮೈಕ್ರೋಆರ್‌ಎನ್‌ಎಗಳು ರಕ್ತದಲ್ಲಿ ಕೆಡದೆ ಉಳಿಯುತ್ತವೆ, ಅಳೆಯಬಹುದು ಎಂದು ಆ ವರ್ಷ ಗೊತ್ತಾಯಿತು. ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ ಎಂಬ ಸುದ್ದಿ ಅಂದಿನಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ನೂರಾರು ಪ್ರಬಂಧಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಗೆ ಹೊಂದುವುದಿಲ್ಲ. ಒಂದರಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿದಿರುತ್ತದೆ. ಕಾರಣಗಳು ಗೊತ್ತಿರುವಂಥವೇ. ಮಿರ್-21 ಉರಿಯೂತದಲ್ಲೂ ಹೃದಯದ ಕಾಯಿಲೆಯಲ್ಲೂ ಏರುತ್ತದೆ, ಅದೊಂದನ್ನೇ ನೋಡಿ ಸ್ತನ ಕ್ಯಾನ್ಸರ್ ಎನ್ನಲಾಗದು. ರಕ್ತ ತೆಗೆಯುವಾಗ, ಸಾಗಿಸುವಾಗ ಕೆಂಪುಕಣಗಳು ಒಡೆದರೆ ಅವುಗಳೊಳಗಿನ ಮಿರ್-451, ಮಿರ್-16 ಸುರಿದು ಲೆಕ್ಕವೆಲ್ಲ ತಪ್ಪುತ್ತದೆ. ಮೇ ತಿಂಗಳ ಬಿಸಿಲಲ್ಲಿ ಚಿಂಚೋಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಸ್ಸಿನಲ್ಲಿ ಕಲಬುರಗಿಗೆ ಹೋಗುವ ರಕ್ತದ ಶೀಶೆಯನ್ನು ನೆನೆದರೆ ಈ ತೊಡಕು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮಹಿಳೆಯರನ್ನು ಸಾರಾಸಗಟಾಗಿ ತಪಾಸಣೆ ಮಾಡಲು ಶಿಫಾರಸಾದ ಮೈಕ್ರೋಆರ್‌ಎನ್‌ಎ ರಕ್ತ ಪರೀಕ್ಷೆ ಯಾವುದೂ ಇಂದು ಇಲ್ಲ. ಅಂಥದ್ದೆಂದು ಹೇಳಿ ಸಾವಿರಾರು ರೂಪಾಯಿ ಕೇಳುವ ಪ್ಯಾಕೇಜ್‌ಗೆ ಯಾರೂ ದುಡ್ಡು ಕಟ್ಟಬಾರದು.

ಔಷಧದ ವಿಷಯದಲ್ಲಿ ಒಂದು ದುಃಖದ ಪಾಠವಿದೆ. ಮಿರ್-34ಎ ಕ್ಯಾನ್ಸರನ್ನು ತಡೆಯುವ ಪ್ರಬಲ ಮೈಕ್ರೋಆರ್‌ಎನ್‌ಎ. ಅದನ್ನು ಜಿಡ್ಡಿನ ಕಣದಲ್ಲಿಟ್ಟು ಎಂಆರ್‌ಎಕ್ಸ್34 ಎಂಬ ಔಷಧ ಮಾಡಿ 2013ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭಿಸಿದರು. ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿ ನಾಲ್ವರು ರೋಗಿಗಳು ತೀರಿಕೊಂಡರು, 2016ರಲ್ಲಿ ಪ್ರಯೋಗ ನಿಂತಿತು. ನೂರಾರು ಜೀನ್‌ಗಳನ್ನು ಒಟ್ಟಿಗೆ ತಗ್ಗಿಸುವ ವಸ್ತುವನ್ನು ಇಡೀ ದೇಹಕ್ಕೆ ಸುರಿಯುವುದು ಎಷ್ಟು ಅಪಾಯದ ಕೆಲಸ ಎಂದು ಆಗ ಎಲ್ಲರಿಗೂ ಅರಿವಾಯಿತು. ಲೀ ಮಾ ಅಧ್ಯಯನ ಮಾಡಿದ ಮಿರ್-10ಬಿಯನ್ನು ಕಬ್ಬಿಣದ ಅತಿಸೂಕ್ಷ್ಮ ಕಣಕ್ಕೆ ಕಟ್ಟಿದ ಎಳೆಯಿಂದ ತಡೆಯುವ ಔಷಧವೊಂದು ಅಮೆರಿಕದಲ್ಲಿ ಹಬ್ಬಿದ ಕ್ಯಾನ್ಸರ್ ರೋಗಿಗಳಲ್ಲಿ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ನಾನು ಅದರ ಫಲಿತಾಂಶಕ್ಕಾಗಿ ಆಸೆಯಿಂದ ಕಾಯುತ್ತಿದ್ದೇನೆ. ಆದರೆ ಸ್ತನ ಕ್ಯಾನ್ಸರಿಗೆ ಅನುಮತಿ ಪಡೆದ ಮೈಕ್ರೋಆರ್‌ಎನ್‌ಎ ಔಷಧ ಜಗತ್ತಿನಲ್ಲಿ ಇನ್ನೂ ಒಂದೂ ಇಲ್ಲ.

ವಾಡಿ, ಶಹಾಬಾದದ ಕಡೆ ಹೋದರೆ ಜನ ಕೇಳುವ ಪ್ರಶ್ನೆ ಬೇರೆ: ಸಿಮೆಂಟ್ ಧೂಳಿನಿಂದ ಈ ರೋಗ ಬರುತ್ತದೆಯೇ? ಕಲ್ಲಿನ ಖಣಿ, ಪಾಲಿಷ್ ಮಷೀನು, ಸಿಮೆಂಟಿನ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ, ಅದರ ವಿರುದ್ಧ ಹೋರಾಡಲು ಅಷ್ಟೇ ಸಾಕು. ಸ್ತನ ಕ್ಯಾನ್ಸರಿಗೆ ಅದೇ ಕಾರಣ ಎನ್ನುವುದಕ್ಕೆ ಆಧಾರ ಸ್ಥಾಪಿತವಾಗಿಲ್ಲ. ವಯಸ್ಸು, ತಾಯಿ ಅಕ್ಕತಂಗಿಯರಲ್ಲಿ ರೋಗ, ಬಿಆರ್‌ಸಿಎ ಜೀನಿನ ದೋಷ, ಮಕ್ಕಳಾಗದಿರುವುದು ಅಥವಾ ತಡವಾಗಿ ಆಗುವುದು, ಎದೆಹಾಲು ಕೊಡದಿರುವುದು, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯ ಇವು ಗಟ್ಟಿಯಾಗಿ ತಿಳಿದಿರುವ ಅಂಶಗಳು. ನಮ್ಮ ಹಳ್ಳಿಗಳಲ್ಲಿ ಹಿಂದೆ ಬೇಗ ಮಕ್ಕಳಾಗುತ್ತಿದ್ದವು, ವರ್ಷಗಟ್ಟಲೆ ಹಾಲೂಡಿಸುತ್ತಿದ್ದರು, ಆದ್ದರಿಂದ ಈ ಕ್ಯಾನ್ಸರ್ ನಗರಗಳಿಗಿಂತ ಕಡಿಮೆಯಿತ್ತು. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ನಡೆಯುತ್ತಿರುವ ಗ್ರಾಮೀಣ ಕ್ಯಾನ್ಸರ್ ನೋಂದಣಿ, ದೇಶದ ಮೊದಲನೆಯದು, ಇದನ್ನೇ ತೋರಿಸುತ್ತ ಬಂದಿದೆ. ಇದಕ್ಕೆ ಎದುರಾಗಿ 2012ರಿಂದ 2016ರ ಲೆಕ್ಕದಲ್ಲಿ ಹೈದರಾಬಾದಿನಲ್ಲಿ ಲಕ್ಷ ಮಹಿಳೆಯರಿಗೆ 48, ಬೆಂಗಳೂರಿನಲ್ಲಿ 40ಕ್ಕೂ ಹೆಚ್ಚು ಪ್ರಕರಣ. ಸೇಡಂ, ಶಹಾಬಾದಗಳ ಬದುಕು ಈಗ ಆ ನಗರಗಳ ಕಡೆಗೇ ವಾಲುತ್ತಿದೆ.

ಚಿಕಿತ್ಸೆಗೆ ನಮ್ಮವರು ಹೋಗುವುದೂ ಅತ್ತಲೇ. ಸೇಡಂ, ಚಿತ್ತಾಪುರದ ರೈಲು ಹೈದರಾಬಾದಿಗೆ ಒಯ್ಯುತ್ತದೆ, ಶಹಾಬಾದ, ವಾಡಿಯದು ಸೋಲಾಪುರಕ್ಕೆ. ಚಿಂಚೋಳಿಗೆ ರೈಲೇ ಇಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ. ಸಿಮೆಂಟ್ ಕಾರ್ಖಾನೆಯ ಕಾಯಂ ಕೆಲಸಗಾರರ ಮನೆಯವರಿಗೆ ಇಎಸ್‌ಐ ಆಸರೆಯಾಗಬಹುದು, ಖಣಿಯಲ್ಲಿ ದಿನಗೂಲಿಗೆ ಹೋಗುವ ಹೆಣ್ಣುಮಗಳಿಗೆ ಆ ಚೀಟಿ ಎಲ್ಲಿಯದು? ಬಡವರಿಗೆ ದೊಡ್ಡ ಚಿಕಿತ್ಸೆಯ ಖರ್ಚು ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಆಗಿನ ಗುಲಬರ್ಗಾ, ಈಗಿನ ಕಲಬುರಗಿ ವಿಭಾಗದಲ್ಲೇ. ಅದು ಈಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿದೆ. ಆಪರೇಷನ್, ಕೀಮೋ, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುವುದು ಇದರಡಿ ಸಿಗುತ್ತದೆ. ಸಿಗದಿರುವುದು ಕೂಲಿ ಬಿಟ್ಟ ದಿನಗಳ ದುಡ್ಡು, ಜೊತೆಗೆ ಬರುವವರ ಬಸ್ಸಿನ ಖರ್ಚು. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಬಹಳಷ್ಟು ಸಲ ಇವುಗಳಿಂದ.

ಬೇಗ ಪತ್ತೆ ಮಾಡಲು ಇರುವ ದಾರಿಗೆ ಒಳ್ಳೆಯ ಆಧಾರ ಮುಂಬೈಯಿಂದ ಬಂದಿದೆ. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿ ಆರಂಭಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತು. ಮೂವತ್ತು ದಾಟಿದ ಎಲ್ಲ ಮಹಿಳೆಯರಿಗೂ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಈಗ ಸರ್ಕಾರದ ಕಾರ್ಯಕ್ರಮದಲ್ಲಿದೆ. ಕಾಗದದ ಮೇಲೆ ಚೆನ್ನಾಗಿದೆ. ಅದು ಕೆಲಸ ಮಾಡಬೇಕಾದರೆ ಆಶಾ ಅಕ್ಕನಿಗೆ ಸರಿಯಾದ ತರಬೇತಿ, ಪರೀಕ್ಷೆಗೆ ಪರದೆ ಹಾಕಿದ ಒಂದು ಕೋಣೆ, ಗಂಟು ಸಿಕ್ಕವರಿಗೆ ಅದೇ ವಾರ ಸೂಜಿಯಿಂದ ತುಣುಕು ತೆಗೆಸುವ ಏರ್ಪಾಡು ಬೇಕು.

ಆ ತುಣುಕಿನಲ್ಲೇ ಪ್ರಯೋಗಾಲಯ ಮತ್ತು ಹಳ್ಳಿ ಸಂಧಿಸುತ್ತವೆ. ಗಂಟಿನ ತುಣುಕನ್ನು ರೋಗಶಾಸ್ತ್ರದವರು ಮೇಣದ ಬಿಲ್ಲೆಯಲ್ಲಿ ಹುದುಗಿಸಿಡುತ್ತಾರೆ. ಉದ್ದನೆಯ ಆರ್‌ಎನ್‌ಎ ಅದರಲ್ಲಿ ಚೂರಾಗಿ ಹಾಳಾಗುತ್ತದೆ, ಆದರೆ ಮೈಕ್ರೋಆರ್‌ಎನ್‌ಎ ಚಿಕ್ಕದಾದ್ದರಿಂದ ವರ್ಷಗಳ ನಂತರವೂ ಅಳೆಯಲು ಸಿಗುತ್ತದೆ. ಕಲಬುರಗಿಯ ಆಸ್ಪತ್ರೆಗಳ ಕಪಾಟುಗಳಲ್ಲಿರುವ ಇಂಥ ಬಿಲ್ಲೆಗಳು, ಆ ಮಹಿಳೆಯರಿಗೆ ಮುಂದೆ ಏನಾಯಿತು ಎಂಬ ದಾಖಲೆ ಜೊತೆಗಿದ್ದರೆ, ದೊಡ್ಡ ಸಂಪತ್ತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು ಒಟ್ಟುಗೂಡಿ, ರೋಗಿಗಳ ಒಪ್ಪಿಗೆ ಪಡೆದು, ಐದು ವರ್ಷ ಹತ್ತು ವರ್ಷ ಅವರ ಬೆನ್ನುಹತ್ತಿ ದಾಖಲೆ ಇಡುವ ಕೆಲಸ ಕೈಗೆತ್ತಿಕೊಳ್ಳಬೇಕು. ಮಿರ್-200, ಮಿರ್-10ಬಿ, ಮಿರ್-18ಎ ನಮ್ಮ ಹೆಣ್ಣುಮಕ್ಕಳಲ್ಲಿ ಏನು ಹೇಳುತ್ತವೆ ಎಂಬುದನ್ನು ಅಮೆರಿಕದ ಪ್ರಯೋಗಾಲಯದ ಇಲಿಗಳಿಂದ ತಿಳಿಯಲಾಗದು. ಪಟ್ಟಿಗೆ ಹೊಸ ಹೆಸರು ಸೇರಿಸುವ ಸಣ್ಣಸಣ್ಣ ಅಧ್ಯಯನ ಸಾಕಷ್ಟಾಗಿವೆ, ಗೊತ್ತಿರುವ ನಾಲ್ಕಾರನ್ನು ಸಾವಿರಾರು ರೋಗಿಗಳಲ್ಲಿ ಗಟ್ಟಿಯಾಗಿ ಪರೀಕ್ಷಿಸುವ ಕೆಲಸ ಬಾಕಿಯಿದೆ.

ಓದುವ ಅಕ್ಕತಂಗಿಯರಲ್ಲಿ, ಅವರ ಮನೆಯ ಗಂಡಸರಲ್ಲಿ ನನ್ನ ಕೋರಿಕೆ ಇಷ್ಟು. ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದಂತಾಗುವುದು ಕಂಡರೆ ನೋವಿಗಾಗಿ ಕಾಯದೆ ಆ ವಾರವೇ ತಾಲ್ಲೂಕು ದವಾಖಾನಿಗೆ ಹೋಗಿ. ತುಣುಕು ತೆಗೆದರೆ ರೋಗ ಹಬ್ಬುತ್ತದೆ ಎಂಬ ಮಾತನ್ನು ನಂಬಬೇಡಿ. ಕ್ಯಾನ್ಸರ್ ಎಂದಾದರೆ ಇಆರ್, ಪಿಆರ್, ಹರ್-2 ಎಂಬ ಮೂರೂ ಗ್ರಾಹಕಗಳ ಪರೀಕ್ಷೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ, ಏಕೆಂದರೆ ಯಾವ ಔಷಧ ನಾಟುತ್ತದೆ ಎಂಬುದು ಅದರ ಮೇಲಿದೆ. ಹೈದರಾಬಾದಿಗೋ ಸೋಲಾಪುರಕ್ಕೋ ಬೆಂಗಳೂರಿಗೋ ಹೋಗುವಾಗ ಮೇಣದ ಬಿಲ್ಲೆಯನ್ನೂ ವರದಿಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಟ್ಯಾಮಾಕ್ಸಿಫೆನ್ ಬರೆದುಕೊಟ್ಟಿದ್ದರೆ ಡಾಕ್ಟರು ಹೇಳುವವರೆಗೆ ಒಂದು ದಿನವೂ ಬಿಡಬೇಡಿ.